ಎರಡನೆಯ ಹಾಡಿನ ನ್ಯಾಯ

ಹೊಸ ಅಳಿಯನು ಮೊದಲನೆಯ ಸಲ ಅತ್ತೆಯ ಮನೆಗೆ ಬಂದಾಗ ಹೋಳಿಗೆ-ತುಪ್ಪ. ಎರಡನೆಯ ಸಲ ಬಂದಾಗ ಬಿಳಿಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾದ ಹಿಂಡಿ. ಇದರಿಂದ ಅತ್ತೆಯ ಪ್ರೀತಿ ತಗ್ಗಿತೆಂದು ಯಾರೂ ಭಾವಿಸುವುದಿಲ್ಲ. ಎರಡನೆಯ ಸಲ ಬಂದವನು ಅತಿಥಿಯಲ್ಲ, ಮನೆಯವನು; ಮನೆಯವನಿಗೆ ಮನೆಯ ಊಟ. ಆದರೆ ಹಾಡುಗಾರನ ವಿಷಯದಲ್ಲಿ ನಾವು, ಅಂದರೆ ರಸಿಕರೆಂದು ಕರೆಯಿಸಿಕೊಳ್ಳತಕ್ಕವರು, ನಡೆದುಕೊಳ್ಳುವ ರೀತಿಯೇ ಬೇರೆ. ಅವನು ಮೊದಲನೆಯ ಸಲ ಬಂದಾಗ ಬಾಗಿಲಲ್ಲಿ ನಿಲ್ಲಿಸಿ ಊರು ಯಾವುದು, ಗುರು ಯಾರು ಎಂದು ಕೇಳುತ್ತೇವೆ. ಎರಡನೆಯ ಸಲ ಬಂದಾಗ, ಮೊದಲು ಬಂದಾಗ ಎಷ್ಟು ಚೆನ್ನಾಗಿದ್ದೆಯಪ್ಪಾ, ಈಗೇಕೆ ಹೀಗಾದೆ ಎಂದು ಕೇಳುತ್ತೇವೆ. ಊಟವನ್ನಂತೂ ಎರಡು ಸಲವೂ ಬಡಿಸುವುದಿಲ್ಲ.

ಇದನ್ನು ನಗೆಯಾಗಿ ಹೇಳಿದೆವಾದರೂ ಇದರ ಹಿಂದೆ ನಮ್ಮದೊಂದು ತಪ್ಪು ಇದೆ. ಅದನ್ನು ವಾಚಕ ಸೋದರ ಸೋದರಿಯರ ಮುಂದೆ ಒಪ್ಪಿಕೊಳ್ಳುವುದಕ್ಕಾಗಿಯೇ ಈ ನಾಲ್ಕು ಮಾತುಗಳು.

ನಾವು ಇಂಡಿಯಲ್ಲಿ ಬಹುಕಾಲ ಮಾಸ್ತರಿಕೆ ಮಾಡಿ ಈಗ ಮನೆಯಲ್ಲಿ ಕುಳಿತವರು. ಸಂಗೀತಶಾಸ್ತ್ರವನ್ನು ಬಲ್ಲವರಲ್ಲ. ಆದರೂ ಭಜನೆ, ಲಾವಣಿ, ಗೀಗೀ ಪದಗಳನ್ನು ಕೇಳುತ್ತ ಬೆಳೆದುದರಿಂದಲೂ, ಅಕ್ಷರ ಬಲ್ಲವನ ಕೈ ಸುಮ್ಮನಿರದಾದುದರಿಂದಲೂ, ಒಂದು ಸಣ್ಣ ಪತ್ರಿಕೆಗೆ ಆಗಾಗ ಹಾಡು-ನಾಟಕಗಳ ಮೇಲೆ ಬರೆಯುವ ಅಭ್ಯಾಸವನ್ನು ಇಟ್ಟುಕೊಂಡಿದ್ದೆವು. 2014ರಲ್ಲಿ ಬಸವನ ಬಾಗೇವಾಡಿಯಲ್ಲಿ ಒಂದು ಸಂಜೆ ಮುದ್ದೇಬಿಹಾಳದ ಕಡೆಯ ತರುಣನೊಬ್ಬನ ಹಾಡು ಕೇಳಿದೆವು. ತಾನೇ ಪದ ಕಟ್ಟಿ, ತಾನೇ ಧಾಟಿ ಹಚ್ಚಿ, ತಾನೇ ಹಾಡುವವನು. ಒಂದು ಕೈಗೆ ಗಿಟಾರು. ಪಕ್ಕದಲ್ಲಿ ಗೆಳೆಯನೊಬ್ಬನ ದಪ್ಪು. ಮಳೆ ಹೋದ ವರುಷ, ಗುಳೆ ಹೋದ ಮನೆ, ಬೀಗ ಹಾಕಿದ ಬಾಗಿಲ ಮುಂದೆ ಮಲಗಿದ ನಾಯಿ, ಇವೇ ಅವನ ವಸ್ತುಗಳು. ಆ ವರುಷವೇ ಅವನು ಸಾಲ ಮಾಡಿ ತಂದ ಮೊದಲನೆಯ ಸಿ.ಡಿ.ಯನ್ನು ನಾವು ಕೊಂಡುಕೊಂಡು, ಪತ್ರಿಕೆಯಲ್ಲಿ ಮನಸಾರೆ ಹೊಗಳಿ ಬರೆದೆವು. ನಮ್ಮ ಬರಹ ಓದಿ ನಾಲ್ಕು ಊರಿನವರು ಅವನನ್ನು ಜಾತ್ರೆಗೆ ಕರೆಯಿಸಿದರೆಂದು ಕೇಳಿ, ನಾವೇ ಹಾಡಿದಷ್ಟು ಬೀಗಿದೆವು.

ಎರಡು ವರುಷಗಳ ಮೇಲೆ ಎರಡನೆಯ ಸಿ.ಡಿ. ಬಂದಿತು. ಎಂಟು ಹಾಡುಗಳು. ಅಷ್ಟರಲ್ಲಿ ಹುಡುಗನು ಕೆಲಸ ಹುಡುಕಿಕೊಂಡು ಪುಣೆಗೆ ಹೋಗಿ ಬಂದಿದ್ದನು. ಹಾಡಿನಲ್ಲಿಯೂ ಪುಣೆ ಬಂದಿತ್ತು: ಬಾಡಿಗೆಯ ಕೋಣೆ, ರಾತ್ರಿಯ ಪಾಳಿ, ರಸ್ತೆಯ ದೀಪ. ವಾದ್ಯಗಳೂ ಹೆಚ್ಚಿದ್ದವು. ನಾವು ಅದನ್ನು ಪರೀಕ್ಷೆಯ ಕಾಗದಗಳನ್ನು ತಿದ್ದುತ್ತ ಕೇಳಿದೆವು. ಐದು ಹಾಡು ಆಗುವಷ್ಟರಲ್ಲಿ ಯಾರೋ ಬಂದರು. ಯಂತ್ರವನ್ನು ನಿಲ್ಲಿಸಿ ಚಹಕ್ಕೆ ಎದ್ದೆವು. ಮರುದಿನ ಪತ್ರಿಕೆಯವರಿಗೆ ಬರಹ ಕಳುಹಿಸಬೇಕಾಗಿತ್ತು. ಕುಳಿತು ಬರೆದೆವು. ಅದರಲ್ಲಿಯ ಒಂದು ವಾಕ್ಯವು ನಮಗೇ ಬಹಳ ಹಿಡಿಸಿತು. ಮೊದಲನೆಯದರಲ್ಲಿ ಮಣ್ಣು ಹಾಡಿತ್ತು, ಎರಡನೆಯದರಲ್ಲಿ ಕೋಣೆ ಕೆಮ್ಮಿದೆ. ಇದೇ ಆ ವಾಕ್ಯ. ಓದಿದವರೆಲ್ಲ ಬೆನ್ನು ತಟ್ಟಿದರು. ಸಿಂದಗಿಯಲ್ಲಿ ಒಬ್ಬ ಗೆಳೆಯರು ನಮ್ಮನ್ನು ಕಂಡಾಗಲೆಲ್ಲ ಕೆಮ್ಮಿ ತೋರಿಸಿ ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಆಮೇಲೆ ಆ ಹುಡುಗನ ಹಾಡು ಎಲ್ಲಿಯೂ ಕೇಳಲಿಲ್ಲ. ಕೇಳಲಿಲ್ಲವೆಂಬುದನ್ನು ನಾವು ಗಮನಿಸಲೂ ಇಲ್ಲ.

ಕಳೆದ ಚಳಿಗಾಲದಲ್ಲಿ ನಮ್ಮ ಮನೆಯವರು ಅಟ್ಟದ ಸಾಮಾನನ್ನು ಇಳಿಸಿ ಜಾಡಿಸುವಾಗ ಹಳೆಯ ಸಿ.ಡಿ. ಯಂತ್ರವೂ, ಒಂದು ಡಬ್ಬಿಯ ತುಂಬ ಸಿ.ಡಿ.ಗಳೂ ಸಿಕ್ಕವು. ಅಡಿಗೆಮನೆಯ ಕಟ್ಟೆಯ ಮೇಲೆ ಅದನ್ನಿಟ್ಟುಕೊಂಡು ರೊಟ್ಟಿ ಬಡಿಯುತ್ತ ಒಂದೊಂದನ್ನೇ ಹಚ್ಚತೊಡಗಿದರು. ನಾವು ಪಡಸಾಲೆಯಲ್ಲಿದ್ದೆವು. ನಡುವೆ ರೊಟ್ಟಿಯ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಹಿಟ್ಟಿನ ಕೈಯಲ್ಲಿಯೇ ಬಾಗಿಲಿಗೆ ಬಂದು ನಿಂತರು.

"ಏನ್ರೀ, ಈ ಹಾಡ ಕೇಳೀರೇನ್ರೀ ನೀವು? ಇದು ನಮ್ಮವ್ವನ ಬೀಸೋ ಹಾಡಿನ ಧಾಟಿ ಅಲ್ಲೇನು?"

ಅದು ಆ ಹುಡುಗನ ಎರಡನೆಯ ಸಿ.ಡಿ.; ಏಳನೆಯ ಹಾಡು. ಕೋಣೆಯಲ್ಲಿ ಒಬ್ಬನೇ ಮಲಗಿದವನಿಗೆ ನೆರೆಮನೆಯಲ್ಲಿ ಮಿಕ್ಸರ್ ತಿರುಗುವ ಶಬ್ದ ಕೇಳಿಬರುತ್ತದೆ. ಅಲ್ಲಿಗೆ ಗಿಟಾರು ನಿಲ್ಲುತ್ತದೆ, ದಪ್ಪೂ ನಿಲ್ಲುತ್ತದೆ. ಉಳಿಯುವುದು ಬರಿಯ ಕಂಠ. ಆ ಕಂಠವು ತಾಯಿಯ ಬೀಸುಕಲ್ಲಿನ ಮೂರು ಸಾಲಿನ ನಡಿಗೆಯನ್ನು ಹಿಡಿದು, ಎರಡನೆಯ ಸಾಲಿನ ಕೊನೆಯನ್ನು ಮರಳಿ ಹಾಡಿಕೊಂಡು, ಕಲ್ಲು ಒಂದು ಸುತ್ತು ಮುಗಿಸುವ ಹಾಗೆ ಮೂರನೆಯದಕ್ಕೆ ಬಂದು ಇಳಿಯುತ್ತದೆ. ಮಣ್ಣು ಎಲ್ಲಿಗೂ ಹೋಗಿರಲಿಲ್ಲ, ಕೋಣೆಯೊಳಗೇ ಇತ್ತು. ನಾವು ಐದನೆಯ ಹಾಡಿಗೆ ಎದ್ದು ಚಹಕ್ಕೆ ಹೋಗಿದ್ದೆವು, ಅಷ್ಟೇ.

"ಕೇಳೀವಿ," ಎಂದು ನಾವು ಸುಳ್ಳು ಹೇಳಿದೆವು. ಅವರು ನಮ್ಮ ಮುಖವನ್ನು ನೋಡಿ ಮತ್ತೇನೂ ಕೇಳದೆ ಒಳಗೆ ಹೋದರು. ಮೂವತ್ತೈದು ವರುಷ ಒಂದೇ ಮನೆಯಲ್ಲಿದ್ದವರಿಗೆ ಸುಳ್ಳಿನ ಧ್ವನಿಯೂ ಪರಿಚಿತವಾಗಿರುತ್ತದೆ.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಹೀಗೇಕೆ ಮಾಡಿದೆವೆಂದು ವಿಚಾರಿಸಿಕೊಂಡಂತೆಲ್ಲ, ಇದು ಒಂದು ದಿನದ ಅವಸರವಲ್ಲ, ಹಳೆಯ ಅಭ್ಯಾಸವೆಂದು ತೋರಿಬಂದಿತು. ಒಂದು ಸಂಗತಿ ನೆನಪಾಯಿತು. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಶಾಸ್ತ್ರವನ್ನು ಓದಿ, ಭರತನಾಟ್ಯವನ್ನೂ ಕಲಿತು, ಕೊನೆಗೆ ಲುಂಗಿಯುಟ್ಟು ಗೆಜ್ಜೆ ಕಟ್ಟಿ ಗಿಟಾರು ಹಿಡಿದು ನಿಂತ ರಘು ದೀಕ್ಷಿತರ ಹೆಸರನ್ನು ವಾಚಕರು ಬಲ್ಲರು. ಅವರ ಮೊದಲನೆಯ ಧ್ವನಿಮುದ್ರಿಕೆ 'ಅಂತರಾಗ್ನಿ' 2008ರಲ್ಲಿ ಬಂದಿತು. ಎರಡನೆಯದಾದ 'ಜಗ್ ಚಂಗಾ' 2013ರಲ್ಲಿ. ಎರಡರಲ್ಲಿಯೂ ಶಿಶುನಾಳ ಶರೀಫರ ತತ್ತ್ವಪದಗಳಿವೆ. ಬೆಂಗಳೂರಿನಲ್ಲಿ ನೌಕರಿ ಮಾಡುವ ನಮ್ಮ ತಂಗಿಯ ಮಗನು ಎರಡನ್ನೂ ಬಂದ ಹೊಸತಿನಲ್ಲಿಯೇ ಮನೆಗೆ ತಂದಿದ್ದನು.

2008ರಲ್ಲಿ ನಾವು ಕೊಟ್ಟ ತೀರ್ಪು ಹೀಗಿತ್ತು: "ಶರೀಫಜ್ಜನ ಪದಕ್ಕ ಗಿಟಾರೆಂಥಾದ್ದೋ? ಬಂದ್ ಮಾಡದನ್ನ." ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ಗತಿಸಿದವರು, ಅವರ ಪದಗಳನ್ನು ನಾವು ಮೊದಲು ಭಜನೆಯ ಮೇಳದಲ್ಲಿಯೂ, ಆಮೇಲೆ ಸಿ. ಅಶ್ವತ್ಥರ ತುಂಬುಕಂಠದಲ್ಲಿಯೂ ಕೇಳಿದವರು. ಅಶ್ವತ್ಥರದೂ ಒಂದು ಕಾಲಕ್ಕೆ ಹೊಸತೇ ಆಗಿತ್ತೆಂಬುದನ್ನು ಮರೆತಿದ್ದೆವು. ಇನ್ನು 2013ರಲ್ಲಿ ಎರಡನೆಯದನ್ನು ಕೇಳಿ ನಾವು ಕೊಟ್ಟ ತೀರ್ಪು: "ಮೊದಲನೇದರಾಗ ಇದ್ದ ಹುರುಪು ಇದರಾಗ ಇಲ್ಲ ಬಿಡು." ಎರಡರಲ್ಲಿಯೂ ಕನ್ನಡದೊಡನೆ ಹಿಂದಿಯ ಹಾಡುಗಳಿದ್ದವು, ಆದರೆ ಎಷ್ಟು ಕನ್ನಡ, ಎಷ್ಟು ಹಿಂದಿ ಎಂದು ನಾವು ಬೆರಳೆಣಿಸಿದ್ದು ಎರಡನೆಯದು ಬಂದಾಗ ಮಾತ್ರ. ಹುಡುಗನು ನಕ್ಕು ಹೇಳಿದನು:

"ಮಾಮಾ, ಮೊದಲನೇದು ಬಂದಾಗ ಬಂದ್ ಮಾಡು ಅಂದಾವ್ರು ನೀವ ಅಲ್ಲೇನ್ರೀ? ಅದು ಯಾವಾಗ ಚಲೋ ಆತು?"

ಅದು ಚಲೋ ಆದುದು ಎರಡನೆಯದು ಬಂದ ದಿನ. ಈ ಉತ್ತರವು ನಮಗೆ ಅಂದು ಹೊಳೆದಿರಲಿಲ್ಲ. ನಾವು ಮೊದಲನೆಯ ಕೃತಿಯನ್ನು ಪ್ರೀತಿಸುವುದಕ್ಕಿಂತ ಹೆಚ್ಚಾಗಿ ಎರಡನೆಯದನ್ನು ಅಳೆಯುವ ಕೋಲನ್ನಾಗಿ ಬಳಸುತ್ತೇವೆ. ಮೊದಲನೆಯದರ ದೋಷಗಳನ್ನು ಕಾಲವು ಸವೆಸಿರುತ್ತದೆ. ಅದರೊಡನೆ ನಮ್ಮ ಐದು ವರುಷದ ಬಾಳು ಕೂಡಿಕೊಂಡಿರುತ್ತದೆ. ಅದನ್ನು ಕೇಳುತ್ತ ಪ್ರಯಾಣ ಮಾಡಿರುತ್ತೇವೆ, ಹಬ್ಬ ಮಾಡಿರುತ್ತೇವೆ. ಎರಡನೆಯದಾದರೋ ನಿನ್ನೆ ಬಂದದ್ದು. ಐದು ವರುಷ ಬಾಳಿದ ಹಾಡಿಗೂ ಐದು ನಿಮಿಷ ಕೇಳಿದ ಹಾಡಿಗೂ ತಕ್ಕಡಿ ಹಿಡಿದರೆ ಯಾವುದು ಮೇಲೇರೀತೆಂಬುದನ್ನು ಹೇಳಲು ವಿಮರ್ಶಕನೇಕೆ ಬೇಕು?

ಇದು ಹಾಡುಗಾರರೊಬ್ಬರದೇ ಪಾಡಲ್ಲ. ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಹೊರಬಂದು ಕನ್ನಡಿಗರ ಮನೆಮನೆಯ ಹೂವಾಯಿತು. 1945ರಲ್ಲಿ ಅವರ 'ಐರಾವತ' ಬಂದಿತು. ನಮ್ಮ ವಾಚಕರಲ್ಲಿ ಮಲ್ಲಿಗೆಯ ಹಾಡು ಬಾರದವರು ವಿರಳ; ಐರಾವತವನ್ನು ಓದಿದವರು ಎಷ್ಟು ಮಂದಿ ಎಂಬುದನ್ನು ಅವರವರೇ ಹೇಳಿಕೊಳ್ಳಲಿ. ದೊಡ್ಡ ಕವಿಗೇ ಮೊದಲನೆಯ ಮಲ್ಲಿಗೆಯ ಕಂಪು ಕೊನೆಯವರೆಗೂ ಬೆನ್ನು ಬಿಡಲಿಲ್ಲವೆಂದ ಮೇಲೆ ಸಣ್ಣವರ ಮಾತೇನು? ಇದಕ್ಕೆ ಎದುರಾದ ಉದಾಹರಣೆಯೂ ಉಂಟು. ಅಮೆರಿಕೆಯ ಬಾಬ್ ಡಿಲನ್ ಎಂಬ ಹಾಡುಗಾರನು 1962ರಲ್ಲಿ ಮೊದಲನೆಯ ಮುದ್ರಿಕೆಯನ್ನು ತಂದಾಗ, ಅದರ ಹದಿಮೂರು ಹಾಡುಗಳಲ್ಲಿ ಎರಡೇ ಅವನು ಕಟ್ಟಿದವು. ಮಾರಾಟವೂ ಅಷ್ಟಕ್ಕಷ್ಟೇ ಆಯಿತು. 1963ರಲ್ಲಿ ಬಂದ ಎರಡನೆಯದರಲ್ಲಿ ಹಾಡುಗಳು ಬಹುಮಟ್ಟಿಗೆ ಅವನವೇ ಆಗಿದ್ದವು. ಅದರಿಂದಲೇ ಅವನು ಜಗತ್ತಿಗೆ ತಿಳಿದನು. 2016ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕವೂ ಅವನಿಗೆ ಬಂದಿತು. ಮೊದಲನೆಯದನ್ನು ಕೇಳಿ ಇವನಿಷ್ಟೇ ಎಂದು ಎದ್ದುಹೋದವರು ಚಹದ ಕಪ್ಪಿಗಾಗಿ ಏನನ್ನು ಕಳೆದುಕೊಂಡರೆಂಬುದನ್ನು ನೋಡಿರಿ.

ಆದರೆ ದೂರದ ಅಮೆರಿಕೆಗೆ ಹೋಗುವುದೇಕೆ? ನಮ್ಮ ಮಗ್ಗುಲಲ್ಲಿಯೇ, ಭೀಮಾನದಿಯ ಸೀಮೆಯಲ್ಲಿ, ಹಲಸಂಗಿ ಇದೆ. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಊರು. ಈಗ ಚಡಚಣವೇ ಬೇರೆ ತಾಲೂಕಾಗಿದೆ. ಮಧುರಚೆನ್ನರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿಯವರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು, ಹೀಗೆ ಕೆಲವರು ಗೆಳೆಯರು ಕೂಡಿ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವನ್ನು ಹೊರತಂದರು. ಹಳ್ಳಿಯ ಹೆಂಗಸು ಬೀಸುತ್ತ ಕುಟ್ಟುತ್ತ ಹಾಡಿಕೊಂಡದ್ದು ಕಾವ್ಯವೆಂಬುದು ಆ ಪುಸ್ತಕದಿಂದ ಓದುಬರಹ ಬಲ್ಲವರ ಕಣ್ಣಿಗೆ ಬಿದ್ದಿತು. ಇಂದಿಗೂ ಹಲಸಂಗಿಯ ಹೆಸರೆತ್ತಿದರೆ ಜನರ ಬಾಯಿಗೆ ಬರುವುದು ಅದೇ.

ಅದೇ ಗೆಳೆಯರು 1933ರಲ್ಲಿ ಎರಡನೆಯ ಸಂಕಲನವೊಂದನ್ನು ತಂದರು. ಅದರ ಹೆಸರು 'ಜೀವನ ಸಂಗೀತ', ಅದರಲ್ಲಿರುವುದು ಲಾವಣಿಗಳು. 1935ರಲ್ಲಿ 'ಮಲ್ಲಿಗೆ ದಂಡೆ' ಬಂದಿತು. ಮೊದಲನೆಯದನ್ನು ಎತ್ತಿ ಆಡಿಸಿದ ಕೈಗಳು ಎರಡನೆಯದನ್ನು ಅಷ್ಟು ಎತ್ತಲಿಲ್ಲವೆಂದು ನಮಗೆ ತೋರುತ್ತದೆ. ನಮ್ಮ ಕಪಾಟಿನಲ್ಲಿಯೇ ನೋಡಿರಿ: ಗರತಿಯ ಹಾಡಿನ ಪ್ರತಿ ಓದಿ ಓದಿ ಹರಿದು, ಎರಡು ಸಲ ಹೊಲಿಸಿಕೊಂಡಿದೆ. ಲಾವಣಿಯ ಪುಸ್ತಕವನ್ನು ನಾವು ಕೊಂಡಿಯೇ ಇರಲಿಲ್ಲ. ಬಹಳ ಕಾಲದ ಮೇಲೆ ಬೇರೊಬ್ಬರಿಂದ ಎರವಲು ತಂದು ಓದಿದೆವು. ಕಾರಣ ಕೇಳಿದರೆ, ಗರತಿಯ ಹಾಡು ಮನೆಯೊಳಗಿನದು, ಲಾವಣಿ ಬಯಲಿನದು. ಅದು ತಾಯಿಯದು, ಇದು ದಪ್ಪು-ತುಂತುಣಿಗಳ ಗದ್ದಲದ್ದು. ಮನೆಯಲ್ಲಿ ಓದುವುದಕ್ಕೆ ಯಾವುದು ಹಿತವೆಂಬುದು ಸ್ಪಷ್ಟವೇ ಸರಿ. ಆದರೆ ಹಿತವೆಂಬುದು ಬೇರೆ, ನ್ಯಾಯವೆಂಬುದು ಬೇರೆ.

ಏಕೆಂದರೆ ಗರತಿಯ ಹಾಡಿಗೆ ಕಟ್ಟಿದವಳ ಹೆಸರಿಲ್ಲ. ಅದು ಎಲ್ಲರದು. ಲಾವಣಿಗಾದರೋ ಒಡೆಯನುಂಟು. ಲಾವಣಿಕಾರನು ಕೊನೆಯ ನುಡಿಯಲ್ಲಿ ತನ್ನ ಊರನ್ನು, ಗುರುವನ್ನು, ತನ್ನ ಹೆಸರನ್ನು ಹೇಳಿ ಮುಗಿಸುತ್ತಾನೆ. ತಾನೇ ಕಟ್ಟಿ, ತಾನೇ ಹಾಡಿ, ಇದು ನನ್ನದೆಂದು ಎದೆಯೊಡ್ಡಿ ನಿಲ್ಲುವವನು ಅವನು. ಇಂದು ಗಿಟಾರು ಹಿಡಿದು ತಮ್ಮ ಹಾಡನ್ನು ತಾವೇ ಕಟ್ಟಿ ಹಾಡುವ ತರುಣರನ್ನು ಪೇಟೆಯಿಂದ ಬಂದ ಹೊಸ ಜಾತಿಯೆಂದು ತಿಳಿಯುವವರು ನಮ್ಮ ಸೀಮೆಯ ಲಾವಣಿಯವರನ್ನು ಮರೆತಿದ್ದಾರೆ. ನಾವೂ ಮರೆತಿದ್ದೆವು.

ಇನ್ನೂ ಒಂದನ್ನು ಮರೆತಿದ್ದೆವು. ಲಾವಣಿಯ ಬಯಲಿನಲ್ಲಿಯೂ ತೀರ್ಪುಂಟು. ಹರದೇಶಿ-ನಾಗೇಶಿಯ ಮೇಳಗಳು ಎದುರುಬದುರಾಗಿ ನಿಂತು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಸವಾಲು ಹಾಕಿ ಜವಾಬು ಕೇಳಿ ರಾತ್ರಿಯೆಲ್ಲ ಹಾಡುತ್ತಾರೆ. ಕೇಳುವ ಜನರು ಕಂಬಳಿ ಹೊದ್ದು ಬೆಳಗಿನವರೆಗೆ ಕೂಡುತ್ತಾರೆ. ಅವರ ನಾಲಿಗೆಯೇನೂ ಮೆತ್ತಗಲ್ಲ. ಹಾಡು ಸಪ್ಪೆಯಾದರೆ ಮುಖಕ್ಕೇ ಅಂದುಬಿಡುತ್ತಾರೆ. ಆದರೆ ಮೊದಲನೆಯ ಸವಾಲನ್ನಷ್ಟೇ ಕೇಳಿ ಎದ್ದುಹೋದವನು ಮರುದಿನ ಕಟ್ಟೆಯ ಮೇಲೆ ಕುಳಿತು ಯಾರು ಗೆದ್ದರೆಂದು ಹೇಳಲಾರನು. ಹೇಳಿದರೆ ಉಳಿದವರು, "ನೀ ಎಲ್ಲಿದ್ದೆಪಾ ಜವಾಬ ಹಾಡುವಾಗ?" ಎಂದು ಕೇಳದೆ ಬಿಡರು. ಅಕ್ಷರ ಬಾರದ ಆ ಶ್ರೋತೃಗಳು ಪಾಲಿಸಿಕೊಂಡು ಬಂದ ಒಂದು ನಿಯಮವನ್ನು, ಅಕ್ಷರವನ್ನೇ ಮಾರಿ ಉಂಡ ನಾವು ಪಾಲಿಸಲಿಲ್ಲ.

ಇಷ್ಟಾದ ಮೇಲೆ ಸುಮ್ಮನೆ ಕೂಡುವುದು ಸಾಧ್ಯವಾಗಲಿಲ್ಲ. ಒಂದು ದಿನ ಬೆಳಗಿನಲ್ಲಿಯೇ ಇಂಡಿಯಿಂದ ಸಿಂದಗಿಗೆ, ಸಿಂದಗಿಯಿಂದ ಬಾಗೇವಾಡಿಗೆ, ಅಲ್ಲಿಂದ ಮುದ್ದೇಬಿಹಾಳಕ್ಕೆ ಬಸ್ಸುಗಳನ್ನು ಬದಲಿಸುತ್ತ ಹೊರಟೆವು. ದಾರಿಯುದ್ದಕ್ಕೂ ಹಿಂಗಾರಿಯ ಜೋಳ ತೆನೆ ಹಿರಿದು ನಿಂತಿತ್ತು. ನಮ್ಮೊಳಗೆ ಮಾತ್ರ ಒಂದು ನಾಟಕ ಸಿದ್ಧವಾಗುತ್ತಿತ್ತು: ನಾವು ಹೋಗುವೆವು, ಕ್ಷಮೆ ಕೇಳುವೆವು, ಅವನು ಕಣ್ಣೀರು ತರುವನು, ನಾವು ಸಂತೈಸುವೆವು. ತಪ್ಪು ಮಾಡಿದವನ ಮನಸ್ಸು ಕ್ಷಮೆ ಕೇಳುವಾಗಲೂ ತನಗೇ ದೊಡ್ಡ ಪಾತ್ರವನ್ನು ಇಟ್ಟುಕೊಳ್ಳುವುದು ಎಂಥ ವಿಚಿತ್ರ!

ಮನೆ ಸಿಕ್ಕಿತು. ಹುಡುಗನು ಈಗ ಹುಡುಗನಲ್ಲ. ಎರಡು ಮಕ್ಕಳ ತಂದೆ. ಊರಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ನಮ್ಮನ್ನು ಕಂಡೊಡನೆ ಗುರುತು ಹಿಡಿದು, "ಬರ್ರಿ ಸರ, ಬರ್ರಿ, ಒಳಗ ಬರ್ರಿ," ಎಂದು ಕೈ ಮುಗಿದು ಕಂಬಳಿ ಹಾಸಿದನು. ಅವನ ತಾಯಿ ನೀರು ತಂದಿಟ್ಟು, ಊಟ ಮಾಡಿಯೇ ಹೋಗಬೇಕೆಂದು ಹೇಳಿ ಒಲೆಯ ಕಡೆಗೆ ಹೋದರು. ನಾವು ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಗಂಟಲಲ್ಲಿ ಉಳಿದವು. ಕೊನೆಗೆ ಹೇಗೋ, ನಿನ್ನ ಎರಡನೆಯದರ ಮೇಲೆ ನಾವು ಬರೆದದ್ದು ಅನ್ಯಾಯವಾಯಿತಪ್ಪಾ ಎಂದೆವು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ ಮೆಲ್ಲಗೆ ಹೇಳಿದನು:

"ಸರ, ಬೈದದ್ದಕ್ಕ ನನಗ ಸಿಟ್ಟಿಲ್ರೀ. ವಾದ್ಯ ಜಾಸ್ತಿ ಆಗಿದ್ದು ಖರೇನ ಐತಿ. ಎರಡನೇ ಹಾಡಿನ್ಯಾಗ ನನ್ನ ದನೀನ ಕೇಳಂಗಿಲ್ಲ. ಆದ್ರ ನೀವು ಕಡೀ ಮೂರು ಹಾಡ ಕೇಳೇ ಇಲ್ಲರೀ."

ಅದು ನಿನಗೆ ಹೇಗೆ ತಿಳಿಯಿತೆಂದು ಕೇಳುವ ಧೈರ್ಯ ನಮಗಿರಲಿಲ್ಲ. ಅವನೇ ಹೇಳಿದನು. "ಐದನೇ ಹಾಡಿನ ತನಕ ಒಂದೊಂದರದ್ದೂ ತಪ್ಪ ತೆಗೆದೀರಿ. ಆರು, ಏಳು, ಎಂಟರ ಮ್ಯಾಲ ಒಂದ ಅಕ್ಷರ ಇಲ್ಲ. ನಾ ಆ ಕಾಗದಾ ಹತ್ತು ಸಲ ಓದೀನ್ರೀ. ಏಳನೇದಕ್ಕ ಏನರೆ ಅಂದಿದ್ರ, ಇನ್ನೂ ಎರಡು ಮಾತು ಬೈದಿದ್ರೂ ನಡೀತಿತ್ತು."

ನಮ್ಮ ಐವತ್ತು ಸಾಲನ್ನು ಅವನು ಹತ್ತು ಸಲ ಓದಿದ್ದನು. ಅವನ ಎಂಟು ಹಾಡನ್ನು ನಾವು ಒಂದು ಸಲವೂ ಪೂರ್ತಿಯಾಗಿ ಕೇಳಿರಲಿಲ್ಲ.

ಆಗ ನಾವು, ಹಾಡುವುದನ್ನು ನೀನು ಬಿಟ್ಟದ್ದು ನಮ್ಮ ಬರಹದಿಂದಲೇನು ಎಂದು ಕೇಳಿದೆವು. ಇಲ್ಲವೆನ್ನಲೆಂಬ ಆಸೆಯೂ ಇತ್ತು. ಹೌದೆಂದರೆ ನಮ್ಮ ಲೇಖನಿಗೆ ಅಷ್ಟು ಬಲವಿದೆಯೆಂಬ ನೀಚವಾದ ಹೆಮ್ಮೆಯೂ ಎಲ್ಲಿಯೋ ಮೂಲೆಯಲ್ಲಿತ್ತೆಂಬುದನ್ನು ಮುಚ್ಚಿಡಲಾರೆವು. ಅವನು ತಲೆಯಾಡಿಸಿದನು. ತಂದೆಯವರು ಹಾಸಿಗೆ ಹಿಡಿದರು, ಸಿ.ಡಿ. ಮಾಡಿಸಿದ ಸಾಲವಿತ್ತು, ಅಷ್ಟರಲ್ಲಿ ಸಿ.ಡಿ. ಕೊಳ್ಳುವ ಕಾಲವೇ ಹೋಗಿ ಎಲ್ಲರೂ ಮೊಬೈಲಿನಲ್ಲಿ ಕೇಳತೊಡಗಿದರು. "ಆ ವರ್ಷ ಎರಡು ಊರಾವ್ರು ಜಾತ್ರಿಗೆ ಕರದಿದ್ರು, ಪೇಪರಿನ್ಯಾಗ ಹಿಂಗ ಬಂದೈತಲ್ಲ ಅಂತ ಬ್ಯಾಡಂದ್ರು. ಅದೊಂದ ಅಲ್ರೀ ಸರ, ಅದೂ ಒಂದು," ಎಂದನು.

ಅದೂ ಒಂದು. ಇದಕ್ಕಿಂತ ನಿಷ್ಠುರವಾದ ನ್ಯಾಯವನ್ನು ನಾವು ನಮ್ಮ ಆಯುಷ್ಯದಲ್ಲಿ ಕೇಳಿಲ್ಲ. ನಮ್ಮ ಅಪರಾಧವನ್ನು ಅವನು ಹೆಚ್ಚು ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ. ವಿಮರ್ಶಕನು ಮಾಡಬೇಕಾದ ಕೆಲಸವನ್ನು ಹಾಡುಗಾರನು ಮಾಡಿ ತೋರಿಸಿದನು.

ಊಟವಾಯಿತು. ಎರಡನೆಯ ಸಲದ ಅಳಿಯನಿಗೆ ಬಡಿಸುವ ಊಟವೇ: ರೊಟ್ಟಿ, ಪಲ್ಯ, ಹಿಂಡಿ, ಮೊಸರು. ಆಮೇಲೆ ಅವನು ಮಂಚದ ಕೆಳಗಿನಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಎಳೆದನು. ಮಾರಾಟವಾಗದ ಸಿ.ಡಿ.ಗಳು ದಾರದಿಂದ ಕಟ್ಟಿದಂತೆಯೇ ಇದ್ದವು. ಕೇಳುವ ಯಂತ್ರ ಅವನ ಮನೆಯಲ್ಲಿಯೂ ಇರಲಿಲ್ಲ. ಅವನ ಮಗನು ಮೊಬೈಲಿನಲ್ಲಿಯೇ ಹಾಡುಗಳನ್ನು ಹಚ್ಚಿದನು. ನಾವು ಗೋಡೆಗೆ ಒರಗಿ, ಕೈಯಲ್ಲಿ ಕಾಗದವಿಲ್ಲದೆ, ಒಂದರಿಂದ ಎಂಟರವರೆಗೆ ಕೇಳಿದೆವು. ಎರಡನೆಯ ಹಾಡಿನಲ್ಲಿ ಅವನು ಹೇಳಿದಂತೆ ಧ್ವನಿ ಮುಳುಗಿತ್ತು. ನಾಲ್ಕನೆಯದು ನಮಗೆ ಈಗಲೂ ಹಿಡಿಸಲಿಲ್ಲ. ಹಾಗೆಂದು ಹೇಳಿದೆವು, ಅವನೂ ಒಪ್ಪಿದನು. ಆರನೆಯದು ಮೊದಲನೆಯ ಸಿ.ಡಿ.ಯಲ್ಲಿಯ ಯಾವ ಹಾಡಿಗೂ ಕಡಿಮೆಯಾಗಿರಲಿಲ್ಲ. ಏಳನೆಯದು ಬಂದಾಗ ಅಡಿಗೆಮನೆಯಿಂದ ತಾಯಿಯವರು ಹೊರಗೆ ಬಂದು ಹೊಸ್ತಿಲಿನಲ್ಲಿ ಕುಳಿತು, ಮಗನ ಧ್ವನಿಯ ಜೊತೆಗೆ ತಾವೂ ತುಟಿಯಲ್ಲಿಯೇ ಹಾಡಿಕೊಂಡರು. ಎರಡನೆಯ ಸಾಲಿನ ಕೊನೆಯನ್ನು ಅವರು ಮಗನಿಗಿಂತ ಒಂದು ಉಸಿರು ಹೆಚ್ಚಾಗಿ ಎಳೆದರು.

"ಅವ್ವಾ, ಅದನ್ಯಾಕ ಎರಡ ಸಲ ಅಂತೀರಿ?" ಎಂದು ನಾವು ಕೇಳಿದೆವು.

"ಮಾಸ್ತರ, ಕಲ್ಲು ಸುತ್ತಿ ಬರಬೇಕಲ್ರೀ," ಎಂದರು ಆ ತಾಯಿ. "ಮೊದಲನೇ ಸಾಲು ತಾನ ಬರತೈತಿ. ಎರಡನೇದ್ದ ಮತ್ತೊಮ್ಮೆ ಅಂದ್ರನ ಮೂರನೇದ್ದ ನೆಪ್ಪಾಗತೈತಿ."

ನಾವು ಹೊರಡುವಾಗ ಐದು ಸಿ.ಡಿ.ಗಳನ್ನು ಕೊಂಡೆವು. ಹುಡುಗನು ಹಣ ಬೇಡವೆಂದನು, ನಾವು ಬಿಡಲಿಲ್ಲ. ಮೂರನೆಯದನ್ನು ಮಾಡುವೆಯಾ ಎಂದು ನಾವು ಕೇಳಲಿಲ್ಲ. ಕೇಳುವ ಅಧಿಕಾರ ನಮಗಿಲ್ಲವೆಂದು ತೋರಿತು. ಬಸ್ಸಿನವರೆಗೆ ಕಳುಹಿಸಲು ಬಂದವನು ತಾನಾಗಿಯೇ, ಮಗನಿಗೆ ದಪ್ಪು ಬಾರಿಸುವುದನ್ನು ಕಲಿಸುತ್ತಿದ್ದೇನೆಂದೂ, ಇತ್ತೀಚೆಗೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಎರಡು ಪದ ಕಟ್ಟಿದ್ದೇನೆಂದೂ ಹೇಳಿದನು. ನಾವು, ಕೇಳಿಸುವುದಾದರೆ ಪೂರ್ತಿಯಾಗಿ ಕೇಳುವೆವೆಂದೆವು. ಅವನು ನಕ್ಕನು.

ಮರುದಿನ ಆ ಪತ್ರಿಕೆಯವರಿಗೆ ಒಂದು ತಿದ್ದುಪಡಿ ಬರೆಯೋಣವೆಂದು ಕುಳಿತೆವು. ಆದರೆ ಅದು ನಿಂತುಹೋಗಿ ಕೆಲವು ವರುಷಗಳಾಗಿದ್ದವು. ಅಚ್ಚಾದ ಮಾತನ್ನು ಹಿಂದಕ್ಕೆ ಕರೆಯಬೇಕೆಂದಾಗ ಕರೆಯಬೇಕಾದ ಬಾಗಿಲೇ ಮುಚ್ಚಿರುತ್ತದೆ. ಆದ್ದರಿಂದ ಆ ತಿದ್ದುಪಡಿಯನ್ನು ಇಲ್ಲಿ ಮಾಡುತ್ತಿದ್ದೇವೆ: ಕೋಣೆ ಕೆಮ್ಮಿರಲಿಲ್ಲ. ಕೋಣೆಯೊಳಗೆ ಒಬ್ಬನು ತಾಯಿಯ ಹಾಡನ್ನು ಹಾಡುತ್ತಿದ್ದನು. ಕೆಮ್ಮಿದವರು ನಾವು.

ನಮ್ಮ ವಾಚಕರಲ್ಲಿ ಹೆಚ್ಚಿನವರು ಪತ್ರಿಕೆಗೆ ಬರೆಯುವವರಲ್ಲ. ಆದರೂ ತೀರ್ಪು ಹೇಳದ ಮನೆಯಿಲ್ಲ. ಸೊಸೆಯ ಎರಡನೆಯ ಅಡಿಗೆ, ಮಗನ ಎರಡನೆಯ ಪರೀಕ್ಷೆ, ಮಗಳ ಎರಡನೆಯ ರಂಗೋಲಿ, ಇವೆಲ್ಲ ದಿನವೂ ನಮ್ಮ ಮುಂದೆ ಬಂದು ನಿಲ್ಲುತ್ತವೆ. ಮೊದಲಿನದೇ ಚೆನ್ನಾಗಿತ್ತೆಂಬ ಮಾತು ನಾಲಿಗೆಯ ತುದಿಯಲ್ಲಿಯೇ ಇರುತ್ತದೆ. ಆ ಮಾತು ನಿಜವಾಗಿಯೂ ಇರಬಹುದು. ಎಲ್ಲ ಎರಡನೆಯವೂ ಒಳ್ಳೆಯವೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಇನ್ನೊಂದು ಬಗೆಯ ಅಲಕ್ಷ್ಯ. ಆದರೆ ಬೈಯುವುದಕ್ಕೂ ಮೊದಲು ಏಳನೆಯ ಹಾಡಿನವರೆಗೆ ಕೂಡಬೇಕು. ನಮ್ಮ ಮನೆಯವರು ರೊಟ್ಟಿಯ ಹಿಟ್ಟು ಕೈಯಲ್ಲಿರುವಾಗಲೇ ಅಷ್ಟು ಕೂತಿದ್ದರು.